ಡೈರಿಯ ಲೆಕ್ಕ, ಒಂದು ಕಪ್ಪು ಡೈಮಂಡ್: ಕ್ಲಾಸ್ ಡಯಾಗ್ರಾಮ್ ಬಿಡಿಸೋದು ಹೇಗೆ?

ನಾನು ಓದಿದ್ದೆಲ್ಲ ಇಂಗ್ಲಿಷ್ ಮೀಡಿಯಂ, ಬರಹದಲ್ಲಿ ತಪ್ಪಿದ್ದರೆ ಕ್ಷಮಿಸಿ. ಈ ಸೆಮಿಸ್ಟರ್ ಮಿನಿ ಪ್ರಾಜೆಕ್ಟ್‌ಗೆ ಕ್ಲಾಸ್ ಡಯಾಗ್ರಾಮ್ ಬಿಡಿಸುವಾಗ ನಾನು ಒಂದು ತಪ್ಪು ಮಾಡಿದೆ. ನನ್ನ ಪಾರ್ಟ್‌ನರ್ ಅದನ್ನು ಹಿಡಿದ. ಅದರಿಂದ ಕಲಿತದ್ದನ್ನು ಇಲ್ಲಿ ಬರೆದಿದ್ದೀನಿ. ಮುಂದಿನ ವರ್ಷ ಈ ಲ್ಯಾಬ್ ಮಾಡುವ ಜೂನಿಯರ್‌ಗಳಿಗೆ ಉಪಯೋಗ ಆಗಬಹುದು.

ನಮ್ಮ ಪ್ರಾಜೆಕ್ಟ್

ಪಾರ್ಟ್‌ನರ್ ಮಂಡ್ಯ ಕಡೆಯ ಹಳ್ಳಿಯವನು, ಹತ್ತನೇ ಕ್ಲಾಸ್‌ವರೆಗೆ ಕನ್ನಡ ಮೀಡಿಯಂ. ಅವರ ಮನೆಯವರು ದಿನಾ ಬೆಳಿಗ್ಗೆ, ಸಂಜೆ ಊರಿನ ಡೈರಿಗೆ ಹಾಲು ಹಾಕುತ್ತಾರೆ. ಎಷ್ಟು ಲೀಟರ್, ಫ್ಯಾಟ್ ಎಷ್ಟು, ಎಸ್‌ಎನ್‌ಎಫ್ ಎಷ್ಟು (ಅಂದರೆ ಫ್ಯಾಟ್ ಬಿಟ್ಟು ಹಾಲಿನಲ್ಲಿ ಉಳಿಯುವ ಘನ ಅಂಶ) ಅಂತ ಅಲ್ಲಿ ಬರೆದುಕೊಳ್ಳುತ್ತಾರೆ. ಅದರ ಮೇಲೆ ದರ ನಿಂತಿರುತ್ತೆ. ಕೆಲವು ದಿನಗಳ ಹಾಲಿಗೆ ಸೇರಿಸಿ ಒಂದು ಬಿಲ್, ಆಮೇಲೆ ಬಟವಾಡೆ. ಈ ಲೆಕ್ಕವನ್ನೇ ಸಾಫ್ಟ್‌ವೇರ್ ಮಾಡೋಣ ಅಂತ ಅವನೇ ಹೇಳಿದ.

ಕೋಡ್ ಬರೆಯುವ ಮೊದಲು ಯುಎಂಎಲ್ ಕ್ಲಾಸ್ ಡಯಾಗ್ರಾಮ್ ತೋರಿಸಬೇಕಿತ್ತು. ಬೂಚ್, ರಂಬಾ, ಜೇಕಬ್‌ಸನ್ ಅಂತ ಮೂವರು ಬೇರೆ ಬೇರೆಯಾಗಿ ಬಳಸುತ್ತಿದ್ದ ಪದ್ಧತಿಗಳನ್ನು ಸೇರಿಸಿ ಮಾಡಿದ್ದು ಯುಎಂಎಲ್. 1997ರಲ್ಲಿ ಆಬ್ಜೆಕ್ಟ್ ಮ್ಯಾನೇಜ್‌ಮೆಂಟ್ ಗ್ರೂಪ್ ಅದನ್ನು ಸ್ಟ್ಯಾಂಡರ್ಡ್ ಆಗಿ ಒಪ್ಪಿಕೊಂಡಿತು. ಹಾಗಾಗಿ ಇದರಲ್ಲಿ ಪ್ರತಿ ಗೆರೆಗೂ, ಪ್ರತಿ ಬಾಣಕ್ಕೂ ಒಂದು ನಿಗದಿಯಾದ ಅರ್ಥ ಇದೆ. ಚೆನ್ನಾಗಿ ಕಾಣುತ್ತೆ ಅಂತ ಯಾವುದೋ ಒಂದು ಬಾಣ ಹಾಕುವ ಹಾಗಿಲ್ಲ. ನಾನು ಮಾಡಿದ್ದು ಅದನ್ನೇ!

ಡಬ್ಬ ಮಾಡುವುದು

ನಾವು ಬಳಸಿದ್ದು ಡ್ರಾ ಡಾಟ್ ಐಒ. ಫ್ರೀ, ಬ್ರೌಸರ್‌ನಲ್ಲೇ ಓಡುತ್ತೆ. ಹಾಸ್ಟೆಲ್ ವೈಫೈ ಕೈ ಕೊಟ್ಟರೆ ಡೆಸ್ಕ್‌ಟಾಪ್ ವರ್ಷನ್ ಕೂಡ ಇದೆ.

1. ಎಡಗಡೆ ಶೇಪ್‌ಗಳ ಪಟ್ಟಿಯಲ್ಲಿ ಯುಎಂಎಲ್ ವಿಭಾಗ ತೆರೆಯಿರಿ. ಕಾಣದಿದ್ದರೆ ಕೆಳಗೆ ‘ಮೋರ್ ಶೇಪ್ಸ್’ ಒತ್ತಿ ಅದಕ್ಕೆ ಟಿಕ್ ಹಾಕಿ.

2. ‘ಕ್ಲಾಸ್’ ಶೇಪನ್ನು ಎಳೆದು ಹಾಳೆಯ ಮೇಲೆ ಬಿಡಿ. ಅದರಲ್ಲಿ ಮೂರು ಭಾಗ ಇರುತ್ತೆ: ಮೇಲೆ ಕ್ಲಾಸ್ ಹೆಸರು, ಮಧ್ಯೆ ಆಟ್ರಿಬ್ಯೂಟ್‌ಗಳು, ಕೆಳಗೆ ಮೆಥಡ್‌ಗಳು.

3. ಡಬಲ್ ಕ್ಲಿಕ್ ಮಾಡಿ ಬರೆಯಿರಿ. ಆಟ್ರಿಬ್ಯೂಟ್ ಬರೆಯುವ ಕ್ರಮ: ಮೊದಲು ಚಿಹ್ನೆ, ಆಮೇಲೆ ಹೆಸರು, ಕೋಲನ್, ಟೈಪ್. ‘+’ ಅಂದರೆ ಪಬ್ಲಿಕ್, ‘-’ ಅಂದರೆ ಪ್ರೈವೇಟ್, ‘#’ ಅಂದರೆ ಪ್ರೊಟೆಕ್ಟೆಡ್.

4. ಇನ್ನೊಂದು ಸಾಲು ಬೇಕಾದರೆ ಇರುವ ಸಾಲನ್ನು ಸೆಲೆಕ್ಟ್ ಮಾಡಿ ಕಂಟ್ರೋಲ್ ಮತ್ತು ಡಿ ಒತ್ತಿ. ಅದೇ ಡಬ್ಬದೊಳಗೆ ಅದರ ಕಾಪಿ ಬರುತ್ತೆ.

ನಾವು ಮೊದಲು ಮಾಡಿದ ಡಬ್ಬಗಳು: ಸಂಘ, ಸದಸ್ಯ, ಹಸು, ಹಾಲಿನ ಎಂಟ್ರಿ, ಬಿಲ್, ಬಿಲ್ ಸಾಲು, ಬಟವಾಡೆ. ಹೆಸರುಗಳನ್ನು ಕನ್ನಡದಲ್ಲೇ ಹಾಕಿದೆವು, ಸಬ್ಮಿಟ್ ಮಾಡುವಾಗ ಇಂಗ್ಲಿಷ್ ಮಾಡೋಣ ಅಂತ.

ಗೆರೆ ಎಳೆಯುವುದು

ಡಬ್ಬಗಳನ್ನು ಸೇರಿಸುವ ಗೆರೆಗಳಲ್ಲಿ ಈ ನಾಲ್ಕು ಗೊತ್ತಿದ್ದರೆ ನಮ್ಮ ಲ್ಯಾಬ್‌ಗೆ ಸಾಕು.

ಅಸೋಸಿಯೇಷನ್: ಬರೀ ಗೆರೆ. ಇಬ್ಬರಿಗೂ ಸಂಬಂಧ ಇದೆ ಅಷ್ಟೇ.

ಅಗ್ರಿಗೇಷನ್: ಖಾಲಿ ಡೈಮಂಡ್. ಗುಂಪು ಮತ್ತು ಗುಂಪಿನಲ್ಲಿ ಇರುವವರು. ಗುಂಪು ಹೋದರೂ ಅವರು ಇರುತ್ತಾರೆ.

ಕಂಪೋಸಿಷನ್: ತುಂಬಿದ ಕಪ್ಪು ಡೈಮಂಡ್. ಇಡೀ ವಸ್ತು ಹೋದರೆ ಅದರ ಭಾಗವೂ ಹೋಗುತ್ತೆ.

ಇನ್‌ಹೆರಿಟೆನ್ಸ್: ಖಾಲಿ ತ್ರಿಕೋನ. ‘ನಗದು ಬಟವಾಡೆ’, ‘ಬ್ಯಾಂಕ್ ಬಟವಾಡೆ’ ಎರಡೂ ಬಟವಾಡೆಯ ವಿಧಗಳೇ.

ಡೈಮಂಡ್ ಯಾವಾಗಲೂ ‘ಇಡೀ’ ಕಡೆ ಇರಬೇಕು, ತ್ರಿಕೋನ ಪೇರೆಂಟ್ ಕ್ಲಾಸ್ ಕಡೆ. ಉಲ್ಟಾ ಬಂದರೆ ಗೆರೆಯನ್ನು ಸೆಲೆಕ್ಟ್ ಮಾಡಿ, ಬಲಗಡೆಯ ‘ಸ್ಟೈಲ್’ ಟ್ಯಾಬ್‌ನಲ್ಲಿ ಗೆರೆಯ ಶುರು ಮತ್ತು ಕೊನೆಯ ಗುರುತನ್ನು ಬದಲಾಯಿಸಿ.

ಇನ್ನೊಂದು ವಿಷಯ. ಗೆರೆಯ ತುದಿಯನ್ನು ಡಬ್ಬದ ಮೇಲೆ ತಂದಾಗ ಒಂದು ಚಿಕ್ಕ ಬಿಂದು ಹಸಿರಾದರೆ ಗೆರೆ ಅಲ್ಲೇ ಅಂಟಿಕೊಳ್ಳುತ್ತೆ. ಇಡೀ ಅಂಚು ನೀಲಿಯಾದಾಗ ಬಿಟ್ಟರೆ, ಡಬ್ಬ ಸರಿಸಿದ ಹಾಗೆ ಗೆರೆ ತಾನೇ ಹತ್ತಿರದ ಜಾಗ ಹುಡುಕಿಕೊಳ್ಳುತ್ತೆ. ಡಿಸೈನ್ ಇನ್ನೂ ಬದಲಾಗುತ್ತಿರುವಾಗ ನೀಲಿಯೇ ಒಳ್ಳೇದು.

ನನ್ನ ತಪ್ಪು

ಸದಸ್ಯನಿಂದ ಹಸುವಿಗೂ, ಸದಸ್ಯನಿಂದ ಹಾಲಿನ ಎಂಟ್ರಿಗೂ ನಾನು ಕಪ್ಪು ಡೈಮಂಡ್ ಹಾಕಿದ್ದೆ. ‘ಎಲ್ಲಾ ಅವನದ್ದೇ ತಾನೆ’ ಅನ್ನೋ ಲೆಕ್ಕ. ಪಾರ್ಟ್‌ನರ್ ಕೇಳಿದ, “ಈ ಕಪ್ಪು ಡೈಮಂಡ್ ಅಂದ್ರೆ ಏನ್ ಮಚ್ಚಾ?” ನಾನು ಮೇಲಿನ ಅರ್ಥವನ್ನೇ ಕನ್ನಡದಲ್ಲಿ ಹೇಳಿದೆ. ಅವನು ನಕ್ಕುಬಿಟ್ಟ.

“ಹಂಗಾದ್ರೆ ಸದಸ್ಯತ್ವ ಹೋದ್ರೆ ನಮ್ಮನೆ ಹಸುನೂ ಸತ್ತೋಯ್ತದಾ?”

ಆಮೇಲೆ, “ನಮ್ ಪ್ರಾಜೆಕ್ಟ್‌ಗೆ ಬೇಕಾಗಿರೋದು ಹಾಲಿನ ಲೆಕ್ಕ, ಹಸು ಲೆಕ್ಕ ಅಲ್ಲ. ಆ ಡಬ್ಬನೇ ತೆಗಿ” ಅಂದ. ತೆಗೆದೆ. ಎರಡನೇ ಡೈಮಂಡ್ ನೋಡಿದಾಗ ಮಾತ್ರ ಅವನು ನಗಲಿಲ್ಲ. ಅವರ ಮನೆಯಲ್ಲಿ ಸದಸ್ಯತ್ವ ಇದ್ದದ್ದು ಅಜ್ಜಿ ಹೆಸರಿನಲ್ಲಿ. ಅಜ್ಜಿ ತೀರಿಕೊಂಡಾಗ ಅವರು ಹಾಕಿದ ಹಾಲಿನ ದುಡ್ಡು ಇನ್ನೂ ಬರಬೇಕಿತ್ತಂತೆ. ಪುಸ್ತಕದಲ್ಲಿ ಎಂಟ್ರಿ ಇದ್ದಿದ್ದರಿಂದ ಆಮೇಲೆ ಅವರಮ್ಮನ ಕೈಗೆ ಸಿಕ್ಕಿತು.

ನನ್ನ ಡಯಾಗ್ರಾಮ್ ಪ್ರಕಾರ ಕೋಡ್ ಬರೆದಿದ್ದರೆ ಏನಾಗುತ್ತಿತ್ತು? ಸದಸ್ಯನ ಹೆಸರು ಡಿಲೀಟ್ ಮಾಡಿದ ತಕ್ಷಣ ಎಂಟ್ರಿಗಳೂ ಡಿಲೀಟ್. ಆ ಮನೆಗೆ ಬರಬೇಕಾದ ದುಡ್ಡಿಗೆ ಲೆಕ್ಕವೇ ಇರುತ್ತಿರಲಿಲ್ಲ. ಅಲ್ಲಿಯವರೆಗೆ ನನಗೆ ಡೈಮಂಡ್ ಅಂದರೆ ವೈವಾದಲ್ಲಿ ಎರಡು ಮಾರ್ಕ್ಸ್ ಅಷ್ಟೇ ಆಗಿತ್ತು.

ಸರಿ ಮಾಡಿದ್ದು ಹೀಗೆ: ಸದಸ್ಯ ಮತ್ತು ಎಂಟ್ರಿ ನಡುವೆ ಬರೀ ಅಸೋಸಿಯೇಷನ್. ಸದಸ್ಯನ ಕಡೆ ‘1’, ಎಂಟ್ರಿ ಕಡೆ ‘0..*’. ಅಂದರೆ ಒಂದು ಎಂಟ್ರಿಗೆ ಒಬ್ಬ ಸದಸ್ಯ ಇರಲೇಬೇಕು, ಒಬ್ಬ ಸದಸ್ಯನಿಗೆ ಎಂಟ್ರಿ ಇಲ್ಲದೆಯೂ ಇರಬಹುದು, ಎಷ್ಟು ಬೇಕಾದರೂ ಇರಬಹುದು. ಆ ‘1’ ಇರುವುದರಿಂದ ಸದಸ್ಯನನ್ನು ಪೂರ್ತಿ ಡಿಲೀಟ್ ಮಾಡುವ ಹಾಗಿಲ್ಲ. ಅದಕ್ಕೇ ಸದಸ್ಯ ಕ್ಲಾಸ್‌ಗೆ ‘ಸ್ಥಿತಿ’ ಅಂತ ಒಂದು ಆಟ್ರಿಬ್ಯೂಟ್ ಸೇರಿಸಿದೆವು. ಸದಸ್ಯತ್ವ ನಿಂತರೆ ಅದು ಮಾತ್ರ ಬದಲಾಗುತ್ತೆ. ಸಂಘ ಮತ್ತು ಸದಸ್ಯರ ನಡುವೆ ಖಾಲಿ ಡೈಮಂಡ್ ಬಂತು. ಕಪ್ಪು ಡೈಮಂಡ್ ಉಳಿದದ್ದು ಒಂದೇ ಕಡೆ: ಬಿಲ್ ಮತ್ತು ಬಿಲ್ ಸಾಲು. ಬಿಲ್ಲೇ ಇಲ್ಲ ಅಂದಮೇಲೆ ಅದರ ಸಾಲಿಗೆ ಅರ್ಥ ಇಲ್ಲ.

ಚಂದ ಮಾಡುವುದು

ಅರ್ಥ ಸರಿಯಾದ ಮೇಲೆ ಅಂದ. ಕೆಲವು ಟಿಪ್ಸ್:

• ಒಂದು ಡಬ್ಬಕ್ಕೆ ಬಣ್ಣ, ಫಾಂಟ್ ಹಾಕಿ, ಕಂಟ್ರೋಲ್, ಶಿಫ್ಟ್, ಸಿ ಒತ್ತಿ. ಬೇರೆ ಡಬ್ಬಗಳನ್ನು ಸೆಲೆಕ್ಟ್ ಮಾಡಿ ಕಂಟ್ರೋಲ್, ಶಿಫ್ಟ್, ವಿ ಒತ್ತಿದರೆ ಸ್ಟೈಲ್ ಮಾತ್ರ ಕಾಪಿ ಆಗುತ್ತೆ.

• ಬಣ್ಣಕ್ಕೆ ಯುಎಂಎಲ್‌ನಲ್ಲಿ ಅರ್ಥ ಇಲ್ಲ. ನಾವು ಹಾಲಿಗೆ ಸಂಬಂಧಪಟ್ಟದ್ದಕ್ಕೆ ಒಂದು, ದುಡ್ಡಿಗೆ ಒಂದು ಅಂತ ಎರಡೇ ಬಣ್ಣ ಇಟ್ಟೆವು.

• ಅಬ್ಸ್‌ಟ್ರ್ಯಾಕ್ಟ್ ಕ್ಲಾಸ್ ಹೆಸರನ್ನು ಇಟ್ಯಾಲಿಕ್ ಮಾಡಬೇಕು. ನಮ್ಮಲ್ಲಿ ‘ಬಟವಾಡೆ’ ಹಾಗಿತ್ತು.

• ಕನ್ನಡದಲ್ಲಿ ಬರೆದಾಗ ಒತ್ತಕ್ಷರ ಗೆರೆಗೆ ತಾಗುವ ಹಾಗೆ ಕಂಡರೆ, ಆ ಸಾಲನ್ನು ಸೆಲೆಕ್ಟ್ ಮಾಡಿ ‘ಅರೇಂಜ್’ ಟ್ಯಾಬ್‌ನಲ್ಲಿ ಎತ್ತರ ಸ್ವಲ್ಪ ಹೆಚ್ಚಿಸಿ.

• ಪಿಎನ್‌ಜಿ ಎಕ್ಸ್‌ಪೋರ್ಟ್ ಮಾಡುವಾಗ, ಡಯಾಗ್ರಾಮ್‌ನ ಕಾಪಿಯನ್ನೂ ಸೇರಿಸುವ ಆಯ್ಕೆಗೆ ಟಿಕ್ ಹಾಕಿ. ಆಗ ಅದೇ ಚಿತ್ರವನ್ನು ಮತ್ತೆ ಡ್ರಾ ಡಾಟ್ ಐಒದಲ್ಲಿ ತೆರೆದು ತಿದ್ದಬಹುದು.

ಕೊನೆಗೆ ಒಂದು ಮಾತು

ಲ್ಯಾಬ್‌ನಲ್ಲಿ ಯಾವಾಗಲೂ ಮಾತಾಡೋದು ನಾನು, ಪಾರ್ಟ್‌ನರ್ ಸುಮ್ಮನೆ ಇರುತ್ತಿದ್ದ. ಅವನಿಗೆ ಅರ್ಥ ಆಗಿಲ್ಲವೇನೋ ಅಂದುಕೊಂಡಿದ್ದೆ. ಡಬ್ಬದ ಮೇಲೆ ಕನ್ನಡ ಬಂದ ದಿನ ನನ್ನ ಎರಡು ದೊಡ್ಡ ತಪ್ಪು ಹಿಡಿದವನು ಅವನೇ.

ಹಾಗಾಗಿ ಸಬ್ಮಿಟ್ ಮಾಡುವ ಮೊದಲು ಒಂದು ಕೆಲಸ ಮಾಡಿ. ಪ್ರತಿ ಗೆರೆಯನ್ನೂ ಒಂದು ಕನ್ನಡ ವಾಕ್ಯ ಮಾಡಿ ಜೋರಾಗಿ ಓದಿ: ‘ಬಿಲ್ ಹೋದರೆ ಬಿಲ್ ಸಾಲೂ ಹೋಗುತ್ತೆ’, ‘ಸದಸ್ಯತ್ವ ನಿಂತರೂ ಎಂಟ್ರಿ ಉಳಿಯುತ್ತೆ’. ಆ ಕೆಲಸ ಗೊತ್ತಿರುವವರು ಯಾರಾದರೂ ಪಕ್ಕದಲ್ಲಿ ಕೂತು ಕೇಳಲಿ. ಅವರು ನಕ್ಕರೆ ಆ ಗೆರೆ ತಪ್ಪಿದೆ ಅಂತ ಲೆಕ್ಕ!