ಅಂದು ಮಾರಾಟವಾಗದ ನೀಲಿ ಕುದುರೆ

ಅಮೆರಿಕದ ಬ್ರೇಯರ್ ಕಂಪನಿಯ ಪ್ಲಾಸ್ಟಿಕ್ ಕುದುರೆಗಳ ದರ ಏರಿಳಿಯುವುದನ್ನು ಬಹಳ ಕಾಲದಿಂದ ಗಮನಿಸುತ್ತ ಬಂದ ಮೇಲೆ ನನಗೆ ಖಾತ್ರಿಯಾದ ಮಾತು ಇಷ್ಟು: ‘ಇದು ಅಪರೂಪದ್ದು’ ಎಂದು ಸಾರಿ ಮಾರಿದ ಕುದುರೆಗಿಂತ, ಯಾರಿಗೂ ಬೇಡವಾಗಿ ಅಪರೂಪವಾದ ಕುದುರೆಗೇ ಈ ಪೇಟೆಯಲ್ಲಿ ಬೆಲೆ ನಿಲ್ಲುತ್ತದೆ. ಹೊಸಬರು ಸಾಮಾನ್ಯವಾಗಿ ಇದನ್ನು ಒಪ್ಪುವುದಿಲ್ಲ. ಹಳೆಯದಾದಷ್ಟೂ ಬೆಲೆ ಜಾಸ್ತಿ ಎಂಬುದು ಅವರ ಮೊದಲ ನಂಬಿಕೆ. ಅದು ನಿಜವಾಗಿದ್ದರೆ ಬ್ರೇಯರ್‌ನ ಮೊಟ್ಟಮೊದಲ ಕುದುರೆಗೇ ಎಲ್ಲಕ್ಕಿಂತ ಹೆಚ್ಚು ಬೆಲೆ ಬರಬೇಕಿತ್ತು. ಷಿಕಾಗೋದಲ್ಲಿ ಪ್ಲಾಸ್ಟಿಕ್ ಅಚ್ಚಿನ ಕೆಲಸ ಮಾಡಿಕೊಡುತ್ತಿದ್ದ ಈ ಕಂಪನಿ 1950ರ ಸುಮಾರಿಗೆ ಮಾಸ್ಟರ್‌ಕ್ರಾಫ್ಟರ್ಸ್ ಎಂಬ ಗಡಿಯಾರ ತಯಾರಕರಿಗಾಗಿ, ಗಡಿಯಾರದ ಪಕ್ಕ ನಿಲ್ಲಿಸುವ ಒಂದು ಕುದುರೆ ಮಾಡಿತು. ಕೂಲಿಗೆ ಬದಲಾಗಿ ಅಚ್ಚು ಬ್ರೇಯರ್ ಬಳಿಯೇ ಉಳಿಯಿತು. ಗಡಿಯಾರ ಬೇಡ, ಕುದುರೆಯಷ್ಟೇ ಕೊಡಿ ಎಂದು ಜನ ಕೇಳತೊಡಗಿದ್ದರಿಂದ ಅದೇ ‘ವೆಸ್ಟರ್ನ್ ಹಾರ್ಸ್’ ಎಂಬ ಹೆಸರಿನಲ್ಲಿ ದಶಕಗಟ್ಟಲೆ ಮಾರಾಟವಾಯಿತು. ಇಡೀ ಹವ್ಯಾಸಕ್ಕೇ ಮೂಲವಾದ ಈ ಕುದುರೆಯ ಸಾಮಾನ್ಯ ಪ್ರತಿಯನ್ನು ಇವತ್ತಿಗೂ ಒಂದು ಹೊಸ ಬ್ರೇಯರ್‌ನ ಬೆಲೆಗೋ ಅದಕ್ಕಿಂತ ಕಡಿಮೆಗೋ ಕೊಳ್ಳಬಹುದು. ಕಾರಣ ಸರಳ. ಆಗ ಮನೆಮನೆಗೆ ಹೋದದ್ದು ಈಗಲೂ ಅಟ್ಟಗಳಿಂದ ಇಳಿದು ಬರುತ್ತಲೇ ಇದೆ.

ಇದಕ್ಕೆ ಎದುರಾಗಿ 1960ರ ದಶಕದ ಮೊದಲ ಭಾಗದ ‘ಡೆಕೊರೇಟರ್’ ಕುದುರೆಗಳನ್ನು ನೋಡಿ. ದೊಡ್ಡವರ ಡ್ರಾಯಿಂಗ್ ರೂಮಿಗೆ ಒಪ್ಪಲಿ ಎಂದು ಕಂಪನಿ ಕೆಲವು ಅಚ್ಚುಗಳಿಗೆ ಅಚ್ಚ ನೀಲಿ, ಚುಕ್ಕೆ ನೀಲಿ, ಬಂಗಾರ, ಚುಕ್ಕೆ ಬಂಗಾರ ಬಳಿದು ವೆಜ್‌ವುಡ್, ಕೋಪನ್‌ಹೇಗನ್, ಗೋಲ್ಡನ್ ಚಾರ್ಮ್, ಫ್ಲಾರೆಂಟೀನ್ ಎಂಬ ಗತ್ತಿನ ಹೆಸರು ಕೊಟ್ಟಿತು. ದೊಡ್ಡವರು ಕೊಳ್ಳಲಿಲ್ಲ, ನೀಲಿ ಕುದುರೆಯನ್ನು ಕಂಡ ಮಕ್ಕಳು ಮುಖ ತಿರುಗಿಸಿದರು. ಕೆಲವೇ ವರ್ಷಗಳಲ್ಲಿ ಸರಕು ನಿಂತುಹೋಯಿತು. ಇಂದು ಸುಸ್ಥಿತಿಯಲ್ಲಿರುವ ಒಂದು ಡೆಕೊರೇಟರ್ ನೂರಾರು ಡಾಲರ್‌ಗೆ ಹೋಗುತ್ತದೆ, ಕೆಲವು ಸಾವಿರವನ್ನೂ ದಾಟುತ್ತವೆ. ‘ಚಾಕಿ’ಗಳ ಕತೆಯೂ ಇಂಥದ್ದೇ. 1973ರ ತೈಲ ಬಿಕ್ಕಟ್ಟಿನ ನಂತರ ಬಿಳಿಯ ಸೆಲ್ಯುಲೋಸ್ ಅಸಿಟೇಟ್ ಪ್ಲಾಸ್ಟಿಕ್ ಸಾಕಷ್ಟು ಸಿಗದೆ, ಕೈಗೆ ಬಂದ ಬಣ್ಣದ ಪ್ಲಾಸ್ಟಿಕ್‌ನಲ್ಲೇ ಕುದುರೆ ಮಾಡಿ, ಅದನ್ನು ಮುಚ್ಚಲು ಮೇಲೊಂದು ಬಿಳಿ ಲೇಪ ಕೊಟ್ಟು, ಆಮೇಲೆ ಮಾಮೂಲಿ ಬಣ್ಣ ಹಾಕಿದರು. ಅಂದರೆ ಅದು ತೇಪೆ ಹಾಕಿದ ಮಾಲು. ಗೊರಸಿನ ಅಂಚಿನಲ್ಲಿ ಬಣ್ಣ ಎದ್ದು ಕೆಳಗಿನ ಬೂದು ಪ್ಲಾಸ್ಟಿಕ್ ಇಣುಕಿದರೆ ಅದೇ ಈಗ ಗುರುತು, ಅದಕ್ಕೇ ಹೆಚ್ಚು ಬೆಲೆ. ಆ ವರ್ಷಗಳಲ್ಲಿ ಇದನ್ನು ಯಾರೂ ಜೋಪಾನವಾಗಿ ಎತ್ತಿಡಲಿಲ್ಲ. ಮಕ್ಕಳು ಮಣ್ಣಿನಲ್ಲಿ ಆಡಿದರು, ಕಾಲು ಮುರಿದರು, ಕಸಕ್ಕೆ ಎಸೆದರು. ಅಷ್ಟಾಗಿಯೂ ಉಳಿದವಕ್ಕೆ ಇವತ್ತು ಸಂಗ್ರಾಹಕರು ಪೈಪೋಟಿ ನಡೆಸುತ್ತಾರೆ.

1990ರಿಂದ ಕೆಂಟಕಿಯ ಲೆಕ್ಸಿಂಗ್ಟನ್‌ನಲ್ಲಿರುವ ಹಾರ್ಸ್ ಪಾರ್ಕಿನಲ್ಲಿ ನಡೆಯುವ ಬ್ರೇಯರ್‌ಫೆಸ್ಟ್ ಎಂಬ ಜಾತ್ರೆ ಈ ಲೆಕ್ಕವನ್ನು ತಲೆಕೆಳಗು ಮಾಡಿದಂತೆ ಕಾಣುತ್ತದೆ. ಅಲ್ಲಿ ಜಾತ್ರೆಗೆಂದೇ ಸೀಮಿತ ಸಂಖ್ಯೆಯ ಕುದುರೆಗಳನ್ನು ಮಾಡುತ್ತಾರೆ. ಅದೇ ದಿನಗಳಲ್ಲಿ ಸಂಗ್ರಾಹಕರು ಇಳಿದುಕೊಂಡ ಹೋಟೆಲಿನ ಕೋಣೆಗಳೇ ಅಂಗಡಿಗಳಾಗುತ್ತವೆ: ಬಾಗಿಲು ತೆರೆದಿಟ್ಟು, ಮಂಚದ ಮೇಲೆ, ಟಿ.ವಿ. ಮೇಜಿನ ಮೇಲೆ ಕುದುರೆ ಸಾಲಾಗಿ ನಿಲ್ಲಿಸಿ, ಕಾಲಿಗೊಂದು ಬೆಲೆಚೀಟಿ ಕಟ್ಟಿ ರಾತ್ರಿವರೆಗೂ ವ್ಯಾಪಾರ. ಬೆಳಿಗ್ಗೆ ಸಾಲಿನಲ್ಲಿ ನಿಂತು ಕೊಂಡದ್ದು ಸಂಜೆಗೆ ಅಲ್ಲಿ ಒಂದೂವರೆ ಪಟ್ಟೋ ಎರಡು ಪಟ್ಟೋ ಆಗಿರುವುದುಂಟು. ಇದನ್ನು ಕಂಡ ಹೊಸಬರಿಗೆ ಕುದುರೆ ಎಂದರೆ ಚಿನ್ನ ಎನಿಸಿದರೆ ಆಶ್ಚರ್ಯವಿಲ್ಲ. ಆದರೆ ಈ ಏರಿಕೆಯಲ್ಲಿರುವುದು ಆ ವಾರದ ಆತುರ. ಜಾತ್ರೆಗೆ ಬರಲಾಗದವರ ಬೇಡಿಕೆ ತೀರಿದ ಮೇಲೆ, ಅದೇ ಮಾದರಿ ಡಬ್ಬಿ ಸಮೇತ, ಕಾರ್ಡು ಸಮೇತ, ಒಂದು ಗೀರೂ ಇಲ್ಲದೆ ಒಂದಾದ ಮೇಲೊಂದು ಮಾರುಕಟ್ಟೆಗೆ ಬರುತ್ತದೆ. ಕೊಂಡವರೆಲ್ಲ ಸಂಗ್ರಾಹಕರೇ ಆದ್ದರಿಂದ ಒಂದೂ ಹಾಳಾಗಿರುವುದಿಲ್ಲ. ಸಾವಿರ ಮಾಡಿದರೆ ಸಾವಿರವೂ ಉಳಿಯುತ್ತವೆ. 1990ರ ದಶಕದ ಕೊನೆಯಲ್ಲಿ ಬೀನಿ ಬೇಬಿ ಎಂಬ ಮೆತ್ತನೆ ಬೊಂಬೆಗಳಿಗೆ ಆದದ್ದೂ ಇದೇ. ಮಾರಾಟ ನಿಲ್ಲಿಸುತ್ತೇವೆ ಎಂದು ಕಂಪನಿ ಸಾರಿದಾಗಲೆಲ್ಲ ಬೆಲೆ ಜಿಗಿಯುತ್ತಿತ್ತು. ಚೀಟಿ ಕೀಳದೆ ಕೂಡಿಟ್ಟ ಪೆಟ್ಟಿಗೆಗಳು ಕೊನೆಗೆ ಕೊಳ್ಳುವವರಿಲ್ಲದೆ ಉಳಿದವು.

ಇದಕ್ಕೆ ಬಲ್ಲವರು ಎತ್ತುವ ಆಕ್ಷೇಪ ತೂಕದ್ದೇ. ಬ್ರೇಯರ್‌ಫೆಸ್ಟ್‌ನಲ್ಲಿ ಚೀಟಿ ಎತ್ತಿ ಕೊಡುವ, ಹರಾಜಿಗಿಡುವ ಕೆಲವು ಕುದುರೆಗಳು ಬೆರಳೆಣಿಕೆಯಷ್ಟೇ, ಅವು ವರ್ಷಗಳಾದರೂ ಸಾವಿರಾರು ಡಾಲರ್‌ಗೆ ಕೈ ಬದಲಾಯಿಸುತ್ತವಲ್ಲ ಎನ್ನುತ್ತಾರೆ. ಹೌದು, ಬದಲಾಯಿಸುತ್ತವೆ. ಆದರೆ ಅಲ್ಲಿ ದುಡಿಯುವುದು ಎರಡು ಸಂಗತಿಗಳು: ಸಂಖ್ಯೆ ನಿಜಕ್ಕೂ ಚಿಕ್ಕದು, ಆ ಅಚ್ಚಿನ ಹಿಂದೆ ಬಿದ್ದವರ ಸಂಖ್ಯೆ ದೊಡ್ಡದು. ಎರಡೂ ಕೂಡಬೇಕು. ಐವತ್ತೇ ಮಾಡಿದ್ದರೂ ಅಚ್ಚು ಜನರಿಗೆ ಹಿಡಿಸದಿದ್ದರೆ ಐವತ್ತೊಂದನೆಯ ಗಿರಾಕಿ ಇರುವುದಿಲ್ಲ. ಡಬ್ಬಿಯ ಮೇಲೆ ‘ಲಿಮಿಟೆಡ್ ಎಡಿಷನ್’ ಎಂದು ಬರೆದು ಸಾವಿರಾರು ಬಿಟ್ಟ ಮಾಲನ್ನು ಈ ಸಾಲಿಗೆ ಸೇರಿಸುವುದು ತಪ್ಪು. ಮಾರುವವರು ಬೇಕೆಂದೇ ಸೇರಿಸುತ್ತಾರೆ ಎಂಬ ಗುಮಾನಿ ನನ್ನದು.

ಬೆಲೆಗೆ ಇನ್ನೊಂದು ಆಧಾರ ಸ್ಥಿತಿ. ಒಂದು ಹಳೆಯ ಬ್ರೇಯರ್ ಕೈಗೆ ಬಂದರೆ ಮುಖ ನೋಡುವ ಮೊದಲು ಕಿವಿಯ ತುದಿ, ಬಾಲದ ತುದಿ, ಗೊರಸಿನ ಅಂಚು ನೋಡಬೇಕು. ಬಣ್ಣ ಮೊದಲು ಸವೆಯುವುದು ಅಲ್ಲೇ. ಸಮತಟ್ಟಾದ ಮೇಜಿನ ಮೇಲೆ ನಿಲ್ಲಿಸಿ ಅಲ್ಲಾಡುತ್ತದೆಯೇ ನೋಡಬೇಕು. ಬಿಸಿಗೆ ಅಸಿಟೇಟ್ ಬಾಗುವುದರಿಂದ ಕಾಲು ಸೊಟ್ಟಗಾಗಿರುತ್ತದೆ. ಬಿಳಿ ಕುದುರೆಗಳು ಹಳದಿ ತಿರುಗುತ್ತವೆ. ಬಿಸಿಲಿಗಿಟ್ಟು ಬಿಳಿ ಬರಿಸುವವರಿದ್ದಾರೆ, ಬಂದ ಬಿಳಿ ಎಷ್ಟು ದಿನ ನಿಲ್ಲುತ್ತದೆ ಎಂಬುದಕ್ಕೆ ಖಾತ್ರಿಯಿಲ್ಲ. ಸಾಮಾನ್ಯವಾಗಿ ಹಿಂಗಾಲಿನ ಒಳಬದಿಯಲ್ಲಿ ದುಂಡಗಿನ ಮುದ್ರೆ ಇರುತ್ತದೆ. ಅಚ್ಚಿನಲ್ಲಿ ವರ್ಷ ಕೆತ್ತಿದ್ದರೆ ಅದು ಅಚ್ಚಿನ ವರ್ಷ, ನಿಮ್ಮ ಕೈಯಲ್ಲಿರುವ ಕುದುರೆ ಇಪ್ಪತ್ತು ವರ್ಷ ತಡವಾಗಿ ಹೊರಬಂದಿರಬಹುದು. ಆ ಅಂಕಿಯನ್ನೇ ವಯಸ್ಸೆಂದು ಓದಿ ಹೆಚ್ಚು ಕೇಳುವ ಮಾರಾಟಗಾರರು ದಂಡಿಯಾಗಿದ್ದಾರೆ. ಬಣ್ಣ ಹೋದ ಕಡೆ ಯಾರೋ ಕುಂಚ ಆಡಿಸಿದ್ದರಂತೂ ಕಾರ್ಖಾನೆಯ ಬಣ್ಣವೆಂಬ ಬೆಲೆ ಅಲ್ಲಿಗೇ ಮುಗಿಯಿತು.

ಸ್ಥಿತಿ ಚೆನ್ನಾಗಿದ್ದರೂ ರುಚಿ ಬದಲಾದರೆ ಏನೂ ಮಾಡಲಾಗದು. ಕಾರ್ಖಾನೆಯ ಕುದುರೆಯನ್ನು ಕೊಯ್ದು, ತಿದ್ದಿ, ಹೊಸದಾಗಿ ಬಣ್ಣ ಹಾಕುವ ಕಲಾವಿದರು ಈ ಹವ್ಯಾಸದಲ್ಲಿ ಹಲವರಿದ್ದಾರೆ. ಹಿಂದೆ ಅವರು ಮೊಹೇರ್ ಉಣ್ಣೆಯ ಕೇಸರ ಅಂಟಿಸುತ್ತಿದ್ದರು, ಪ್ರದರ್ಶನಗಳಲ್ಲಿ ಬಹುಮಾನವೂ ಬರುತ್ತಿತ್ತು. ಕೇಸರವನ್ನೂ ಕೆತ್ತಿಯೇ ತೋರಿಸಬೇಕು ಎಂಬ ಅಭಿರುಚಿ ಬಂದ ಮೇಲೆ ಉಣ್ಣೆ ಕೇಸರದವು ಹಿಂದೆ ಬಿದ್ದವು. ಇಂಗ್ಲೆಂಡಿನ ಬೆಸ್ವಿಕ್ ಪಿಂಗಾಣಿ ಕುದುರೆಗಳದು ಮತ್ತೊಂದು ಬಗೆಯ ಪಾಠ. 2002ರಲ್ಲಿ ಕಾರ್ಖಾನೆ ಮುಚ್ಚಿತು, ಅಲ್ಲಿಂದ ಇನ್ನು ಹೊಸದು ಬರುವುದಿಲ್ಲ ಎಂದಾಯಿತು. ಆದರೂ ಮನೆಮನೆಯಲ್ಲಿದ್ದ ಕಂದು ಬಣ್ಣದ ಬೆಸ್ವಿಕ್ ಅಗ್ಗವಾಗಿಯೇ ಸಿಗುತ್ತದೆ. ಅದೇ ಅಚ್ಚಿನಲ್ಲಿ ಕಡಿಮೆ ಮಾರಾಟವಾಗಿದ್ದ ‘ರಾಕಿಂಗ್ ಹಾರ್ಸ್ ಗ್ರೇ’ ಬಣ್ಣದ್ದಕ್ಕೆ ಮಾತ್ರ ಹರಾಜಿನಲ್ಲಿ ಕೈಗಳು ಏಳುತ್ತವೆ. ಬಾಲ್ಯದಲ್ಲಿ ಈ ಕುದುರೆಗಳಿಗೆ ಆಸೆಪಟ್ಟವರಿಗೆ ವಯಸ್ಸಾದಂತೆ ಅವರ ಸಂಗ್ರಹಗಳು ಒಟ್ಟೊಟ್ಟಿಗೆ ಮಾರಾಟಕ್ಕೆ ಬರುತ್ತವೆ, ಆಗ ಅಪರೂಪದ್ದೂ ಇಳಿಯುತ್ತದೆ ಎಂಬ ವಾದವಿದೆ. ಇದನ್ನು ನಾನು ಅರ್ಧ ಒಪ್ಪುತ್ತೇನೆ. ಸಾಮಾನ್ಯ ಮಾಲು ಇಳಿಯುತ್ತದೆ. ಆದರೆ ಬ್ರೇಯರ್ ಇಂದಿಗೂ ಆಟಿಕೆ ಅಂಗಡಿಯಲ್ಲಿ ಮಕ್ಕಳಿಗೆ ಸಿಗುತ್ತಿರುವುದರಿಂದ ಹಳೆಯದನ್ನು ಹುಡುಕುವ ಹೊಸ ಕಣ್ಣುಗಳೂ ಬರುತ್ತಲೇ ಇವೆ. ಬೆಸ್ವಿಕ್‌ಗೆ ಆ ಅನುಕೂಲ ಉಳಿದಿಲ್ಲ.

ಹೂಡಿಕೆ ಎಂದು ಕೊಳ್ಳುವವರ ಲೆಕ್ಕವನ್ನೂ ಒಮ್ಮೆ ಹಾಕೋಣ. ಅಮೆರಿಕದಲ್ಲಿ 1990ರಿಂದ 2020ರ ಹೊತ್ತಿಗೆ ಸಾಮಾನ್ಯ ಬೆಲೆಮಟ್ಟ ಹೆಚ್ಚುಕಡಿಮೆ ಎರಡರಷ್ಟಾಯಿತು. ಆಗ 20 ಡಾಲರ್‌ಗೆ ಕೊಂಡದ್ದನ್ನು 40ಕ್ಕೆ ಮಾರಿದವರಿಗೆ ಉಳಿದದ್ದು ಮೂವತ್ತು ವರ್ಷ ಧೂಳು ಒರೆಸಿದ ಕೆಲಸ. ಇ-ಬೇ ತರದ ತಾಣ ನೂರಕ್ಕೆ ಹತ್ತಕ್ಕಿಂತ ಹೆಚ್ಚು ಹಿಡಿದುಕೊಳ್ಳುತ್ತದೆ, ಪ್ಯಾಕಿಂಗ್ ಮತ್ತು ಅಂಚೆ ಬೇರೆ. ಭಾರತಕ್ಕೆ ತರಿಸಿಕೊಳ್ಳುವವರಿಗಂತೂ ಹೊರೆ ಇನ್ನೂ ಹೆಚ್ಚು: ಆಟಿಕೆಗಳ ಆಮದು ಸುಂಕವನ್ನು ಕೇಂದ್ರ ಸರ್ಕಾರ 2020ರಲ್ಲಿ ಶೇ. 20ರಿಂದ 60ಕ್ಕೂ 2023ರಲ್ಲಿ 70ಕ್ಕೂ ಏರಿಸಿತು. ಬೆಂಗಳೂರಿನಲ್ಲಿ ಕುಳಿತು ಈ ಪೇಟೆಯಲ್ಲಿ ಲಾಭ ಮಾಡುವ ಯೋಚನೆಯನ್ನು ಕೈಬಿಡುವುದೇ ಒಳ್ಳೆಯದು. ಇಷ್ಟವಾದ ಒಂದು ಕುದುರೆ ಕೊಂಡು ಇಟ್ಟುಕೊಳ್ಳುವುದಕ್ಕೆ ನನ್ನ ತಕರಾರಿಲ್ಲ.

ಅಮೆರಿಕದಲ್ಲಿ ನೆಲೆಸಿರುವ ಕನ್ನಡ ಕುಟುಂಬಗಳಲ್ಲಿ ಯಾರಾದರೂ ಹಳೆಯ ಮನೆ ಕೊಂಡಾಗಲೋ, ನೆರೆಯವರು ಮನೆ ಖಾಲಿ ಮಾಡುವಾಗಲೋ ಇಂಥ ಕುದುರೆಗಳ ಡಬ್ಬಿ ಸಿಕ್ಕರೆ ಎರಡು ಮಾತು ನೆನಪಿಡಿ. ಮಾರಾಟಕ್ಕಿಟ್ಟವರು ಕೇಳುತ್ತಿರುವ ಬೆಲೆ ನೋಡಬೇಡಿ, ಮಾರಾಟ ಮುಗಿದವುಗಳ ಬೆಲೆ ನೋಡಿ. ಇನ್ನು, ಕೊಳೆ ತೆಗೆಯಲು ನೇಲ್ ಪಾಲಿಶ್ ರಿಮೂವರ್ ಮುಟ್ಟಿಸಬೇಡಿ. ಅದರಲ್ಲಿ ಅಸಿಟೋನ್ ಇದ್ದರೆ ಬಣ್ಣದ ಜೊತೆಗೆ ಕುದುರೆಯ ಮೈಯೇ ಕರಗುತ್ತದೆ. ತಣ್ಣೀರು, ಒಂದೆರಡು ಹನಿ ಸೋಪು, ಮೆತ್ತನೆಯ ಬಟ್ಟೆ ಸಾಕು.