ಹಸಿರು ಹವಾಮಾನ ನಿಧಿ ಮತ್ತು ಗ್ರಾಮದ ಯೋಜನೆ

2010ರ ಕಾನ್‌ಕೂನ್ ಸಮ್ಮೇಳನದಲ್ಲಿ ಸ್ಥಾಪಿತವಾದ ಹಸಿರು ಹವಾಮಾನ ನಿಧಿಯ ಹಣವು ಗ್ರಾಮ ಪಂಚಾಯಿತಿಗೆ ನೇರವಾಗಿ ಬರುವುದಿಲ್ಲ. 2015ರಲ್ಲಿ ಮಾನ್ಯತೆ ಪಡೆದ ನಬಾರ್ಡ್‌ನಂತಹ ಸಂಸ್ಥೆಯೇ ಪ್ರಸ್ತಾವನೆ ಸಲ್ಲಿಸಬೇಕು. ಅದಕ್ಕೆ ಕೇಂದ್ರ ಪರಿಸರ ಸಚಿವಾಲಯದ ನಿರಾಕ್ಷೇಪಣೆಯೂ ಬೇಕು.

ಬಾದನಹಟ್ಟಿ ಸೇರಿದಂತೆ ತುಂಗಭದ್ರಾ ಅಚ್ಚುಕಟ್ಟಿನ ಸದಸ್ಯರಿಗೆ ಸವಳು-ಜವಳು ಭೂಮಿಯ ಕಷ್ಟ ಹೊಸದಲ್ಲ. ಆದರೆ ಭತ್ತಕ್ಕೆ ಅತಿಯಾಗಿ ನೀರು ಹಾಯಿಸಿದ್ದರಿಂದ ಕೆಟ್ಟ ಹೊಲವನ್ನು ಹವಾಮಾನ ವೈಪರೀತ್ಯದ ಲೆಕ್ಕಕ್ಕೆ ಬರೆದರೆ ಪ್ರಸ್ತಾವನೆ ನಿಲ್ಲುವುದಿಲ್ಲ. ಬಸಿಗಾಲುವೆಯ ಬೇಡಿಕೆಯನ್ನು ಮೊದಲು ಕಾಡಾ ಮುಂದಿಡುವುದೇ ಸರಿ. ಮಳೆಯ ಏರುಪೇರಿನಿಂದಾದ ನಷ್ಟವಿದ್ದಲ್ಲಿ ಮಾತ್ರ ಈ ನಿಧಿಯ ಮಾತು. ಅದಕ್ಕೂ ಒಂದು ಸಾಲಿನ ಠರಾವು ಸಾಲದು. ಸರ್ವೆ ನಂಬರು, ಬಾಧಿತ ಎಕರೆ, ಮಣ್ಣು ಪರೀಕ್ಷೆಯ ವರದಿ, ಹಲವು ವರ್ಷಗಳ ಮಳೆ ದಾಖಲೆ ಇವೆಲ್ಲವೂ ಗ್ರಾಮಸಭೆಯಲ್ಲಿ ಚರ್ಚೆಯಾಗಿ, ಗ್ರಾಮ ಪಂಚಾಯಿತಿ ಅಭಿವೃದ್ಧಿ ಯೋಜನೆಯ ಕಡತದಲ್ಲಿ ಇರತಕ್ಕದ್ದು.