ಯಂತ್ರವೂ ಅದರ ವ್ಯಾಕರಣವೂ: ನೋಕಿಯಾ ಸಂಸ್ಥೆಯ ಏಳುಬೀಳಿನ ಒಂದು ಅಧ್ಯಯನ

ಮೊಬೈಲು ದೂರವಾಣಿಯು ಇಂದು ಪಂಡಿತ ಪಾಮರರೆಂಬ ಭೇದವಿಲ್ಲದೆ ಸಕಲರ ಕೈಯನ್ನೂ ಸೇರಿದೆ. ಅದನ್ನು ಕೊಳ್ಳುವಾಗ ಜನರು ವಿಚಾರಿಸುವುದು ಬೆಲೆಯನ್ನು, ಕ್ಯಾಮೆರಾದ ಗುಣವನ್ನು, ಬ್ಯಾಟರಿಯ ಬಾಳಿಕೆಯನ್ನು. ಒಳಗಿದ್ದು ಇಡೀ ಯಂತ್ರವನ್ನು ನಡೆಸುವ ‘ಆಪರೇಟಿಂಗ್ ಸಿಸ್ಟಂ’ ಕಡೆಗೆ ಗಮನ ಹರಿಯುವುದು ವಿರಳ. ಜಗತ್ತಿನ ಮಹಾಸಂಸ್ಥೆಗಳು ಕಾದಾಡಿರುವುದಾದರೋ ಮುಖ್ಯವಾಗಿ ಅದರ ಒಡೆತನಕ್ಕಾಗಿಯೇ. ಆ ಸ್ಪರ್ಧೆಯ ಸ್ವರೂಪವನ್ನು ಫಿನ್ಲೆಂಡಿನ ನೋಕಿಯಾ ಸಂಸ್ಥೆಯ ಚರಿತ್ರೆಯಿಂದ ಅರಿಯುವುದು ಪ್ರಸ್ತುತ ಲೇಖನದ ಉದ್ದೇಶ.

ಆಪರೇಟಿಂಗ್ ಸಿಸ್ಟಂ ಎಂಬುದನ್ನು ಭಾಷೆಯ ವ್ಯಾಕರಣಕ್ಕೆ ಹೋಲಿಸಬಹುದು. ವರ್ಣಗಳು ಎಷ್ಟಿದ್ದರೂ ಅವನ್ನು ಪದವಾಗಿ, ವಾಕ್ಯವಾಗಿ ಹೊಂದಿಸುವ ನಿಯಮವಿಲ್ಲದಿದ್ದರೆ ಅರ್ಥ ಹುಟ್ಟದು. ಹಾಗೆಯೇ ಪರದೆ, ಚಿಪ್ಪು, ಕ್ಯಾಮೆರಾ ಮೊದಲಾದ ಅಂಗಗಳು ಈ ನಿಯಮಾವಳಿಯಿಲ್ಲದೆ ನಿರುಪಯುಕ್ತ. ‘ಆ್ಯಪ್’ಗಳಾದರೋ ಆ ವ್ಯಾಕರಣದಲ್ಲಿ ರಚಿತವಾದ ಕೃತಿಗಳು. ಒಂದು ವ್ಯವಸ್ಥೆಗಾಗಿ ಬರೆದ ಕೃತಿ ಸಾಮಾನ್ಯವಾಗಿ ಮತ್ತೊಂದರಲ್ಲಿ ನಡೆಯದು. ಆದುದರಿಂದ ಬರೆಯುವವರು ಯಾವ ಕಡೆಗೆ ಒಲಿಯುವರೋ ಕೊಳ್ಳುವವರೂ ಆ ಕಡೆಗೇ ಸಾಗುತ್ತಾರೆ; ಕೊಳ್ಳುವವರು ಹೆಚ್ಚಿದಷ್ಟೂ ಬರೆಯುವವರು ಹೆಚ್ಚುತ್ತಾರೆ. ಈ ಪರಸ್ಪರಾವಲಂಬನೆಯೇ ಮುಂದಿನ ಕಥೆಗೆಲ್ಲ ಕೀಲಿಕೈ.

1865ರಲ್ಲಿ ಮರದ ತಿರುಳಿನ ಗಿರಣಿಯಾಗಿ ಆರಂಭವಾದ ನೋಕಿಯಾ, 1998ರ ವೇಳೆಗೆ ಜಗತ್ತಿನ ಅತಿ ದೊಡ್ಡ ಮೊಬೈಲು ತಯಾರಕ ಸಂಸ್ಥೆಯಾಯಿತು. ಅದೇ ವರ್ಷ ಎರಿಕ್ಸನ್ ಮೊದಲಾದ ಸಂಸ್ಥೆಗಳೊಡಗೂಡಿ ‘ಸಿಂಬಿಯನ್’ ಎಂಬ ವ್ಯವಸ್ಥೆಯನ್ನು ಬೆಳೆಸಲು ತೊಡಗಿತು. 2007ರಲ್ಲಿ ಜಗತ್ತಿನಲ್ಲಿ ಮಾರಾಟವಾದ ಸ್ಮಾರ್ಟ್‌ಫೋನುಗಳಲ್ಲಿ ಸುಮಾರು ಅರ್ಧದಷ್ಟು ನೋಕಿಯಾದವೇ ಆಗಿದ್ದವು.

ಆ ವರ್ಷದ ಜನವರಿಯಲ್ಲಿ ಆ್ಯಪಲ್ ಸಂಸ್ಥೆಯ ಸ್ಟೀವ್ ಜಾಬ್ಸ್ ಐಫೋನನ್ನು ಪ್ರಕಟಿಸಿದರು. ಗುಂಡಿಗಳ ಸಾಲು ಮಾಯವಾಗಿ ಬೆರಳ ಸ್ಪರ್ಶವೇ ಸಾಧನವಾಯಿತು. 2008ರ ಜುಲೈಯಲ್ಲಿ 500 ಆ್ಯಪ್‌ಗಳೊಡನೆ ಅದರ ಆ್ಯಪ್ ಸ್ಟೋರ್ ತೆರೆಯಿತು. ಮಾರಾಟದ ಹಣದಲ್ಲಿ ಶೇಕಡ 70 ಬರೆದವನಿಗೆ, 30 ಆ್ಯಪಲ್‌ಗೆ ಎಂಬ ಏರ್ಪಾಡು ಸಹಸ್ರಾರು ತಂತ್ರಜ್ಞರನ್ನು ಆಕರ್ಷಿಸಿತು. ಇತ್ತ ಗೂಗಲ್ ಸಂಸ್ಥೆ 2005ರಲ್ಲಿ ಕೊಂಡಿದ್ದ ಆಂಡ್ರಾಯ್ಡನ್ನು 2007ರ ನವೆಂಬರಿನಲ್ಲಿ 34 ಸಂಸ್ಥೆಗಳ ಕೂಟದ ಮೂಲಕ ಘೋಷಿಸಿ, ಮೊಬೈಲು ತಯಾರಕರಿಗೆ ಉಚಿತವಾಗಿ ನೀಡಿತು. ಒಂದು ಸಂಸ್ಥೆ ಬಾಗಿಲನ್ನು ತಾನೇ ಕಾದರೆ, ಇನ್ನೊಂದು ಎಲ್ಲರನ್ನೂ ಕರೆಯಿತು.

ನೋಕಿಯಾದ ಯಂತ್ರಗಳು ಗಟ್ಟಿಯಾಗಿದ್ದವು; ಕೊರತೆಯಿದ್ದುದು ಒಳಗಿನ ವ್ಯವಸ್ಥೆಯಲ್ಲಿ. ಸಿಂಬಿಯನ್ ಗುಂಡಿಗಳ ಕಾಲದಲ್ಲಿ ರೂಪುಗೊಂಡಿತ್ತು. ಅದರಲ್ಲಿ ಪರಸ್ಪರ ಹೊಂದದ ಪ್ರಭೇದಗಳಿದ್ದು, ಅದಕ್ಕಾಗಿ ಬರೆಯುವುದು ಶ್ರಮದ ಕೆಲಸವಾಗಿತ್ತು. 2010ರ ಸೆಪ್ಟೆಂಬರಿನಲ್ಲಿ ಮೈಕ್ರೋಸಾಫ್ಟ್‌ನಿಂದ ಬಂದು ಮುಖ್ಯಾಧಿಕಾರಿಯಾದ ಸ್ಟೀಫನ್ ಈಲಾಪ್, 2011ರ ಫೆಬ್ರವರಿಯಲ್ಲಿ ನೌಕರರಿಗೆ ಬರೆದ ಪತ್ರದಲ್ಲಿ ಸಂಸ್ಥೆಯನ್ನು ಸಮುದ್ರದ ನಡುವೆ ಹೊತ್ತಿ ಉರಿಯುವ ತೈಲಕಟ್ಟೆಗೆ ಹೋಲಿಸಿದರು. ಅದೇ ತಿಂಗಳು ಸಿಂಬಿಯನ್ನನ್ನು ಬಿಟ್ಟು ಮೈಕ್ರೋಸಾಫ್ಟ್‌ನ ವಿಂಡೋಸ್ ಫೋನ್ ವ್ಯವಸ್ಥೆಯನ್ನು ಸ್ವೀಕರಿಸುವ ನಿರ್ಧಾರ ಹೊರಬಿದ್ದಿತು. ಹೊಸ ವ್ಯವಸ್ಥೆಯ ಲೂಮಿಯಾ ಫೋನುಗಳು ಬರುವುದಕ್ಕೆ ಆ ವರ್ಷದ ಕೊನೆಯಾಯಿತು. ಹೊಸ ದೋಣಿ ದಡ ಸೇರುವ ಮುನ್ನವೇ ಹಳೆಯದನ್ನು ತೊರೆದಂತಾಯಿತು.

ಲೂಮಿಯಾದ ರೂಪವೂ ಕ್ಯಾಮೆರಾವೂ ಪ್ರಶಂಸೆ ಪಡೆದವು. ಆದರೆ ಕೃತಿಕಾರರು ಒಲಿಯಲಿಲ್ಲ. ಐಫೋನಿಗೆ 2010ರಲ್ಲಿ, ಆಂಡ್ರಾಯ್ಡಿಗೆ 2012ರಲ್ಲಿ ಬಂದ ಇನ್‌ಸ್ಟಾಗ್ರಾಂ, ವಿಂಡೋಸ್ ಫೋನಿಗೆ ಬಂದುದು 2013ರ ನವೆಂಬರಿನಲ್ಲಿ. ಮೈಕ್ರೋಸಾಫ್ಟ್ ತಾನೇ ರಚಿಸಿದ ಯೂಟ್ಯೂಬ್ ಆ್ಯಪನ್ನು ಗೂಗಲ್ 2013ರಲ್ಲಿ ತಡೆಯಿತು. ವೈರಿಯ ಕೈಯಲ್ಲಿ ಜನಪ್ರಿಯ ಕೃತಿಯಿದ್ದರೆ ಅದೂ ಆಯುಧವಾಗುವುದೆಂಬುದಕ್ಕೆ ಇದು ನಿದರ್ಶನ.

2014ರ ಏಪ್ರಿಲಿನಲ್ಲಿ ನೋಕಿಯಾದ ಮೊಬೈಲು ವಿಭಾಗ ಮೈಕ್ರೋಸಾಫ್ಟ್‌ನ ವಶವಾಯಿತು. ಮರುವರ್ಷದ ಜುಲೈಯಲ್ಲಿ ಮೈಕ್ರೋಸಾಫ್ಟ್ ಸುಮಾರು 760 ಕೋಟಿ ಡಾಲರುಗಳನ್ನು ನಷ್ಟವೆಂದು ಬರೆದುಕೊಂಡು, 7,800ರವರೆಗೆ ಹುದ್ದೆಗಳನ್ನು ಕಡಿಯುವುದಾಗಿ ಸಾರಿತು. ಚೆನ್ನೈ ಸಮೀಪದ ಶ್ರೀಪೆರುಂಬುದೂರಿನ ನೋಕಿಯಾ ಕಾರ್ಖಾನೆಯು ತೆರಿಗೆ ವ್ಯಾಜ್ಯದ ಕಾರಣ ಈ ಮಾರಾಟದಿಂದ ಹೊರಗುಳಿದು, 2014ರ ನವೆಂಬರ್ 1ರಂದು ಸ್ತಬ್ಧವಾಯಿತು. ಸಾವಿರಾರು ತರುಣ ಕಾರ್ಮಿಕರು ಜೀವನೋಪಾಯವನ್ನು ಕಳೆದುಕೊಂಡರು. ಮಹಾಸಂಸ್ಥೆಗಳ ಸ್ಪರ್ಧೆಯಲ್ಲಿ ಸೋಲಿನ ಭಾರ ಕೊನೆಗೆ ಯಾರ ಹೆಗಲಿಗೆ ಬೀಳುವುದೆಂಬುದನ್ನು ಈ ಪ್ರಸಂಗ ತಿಳಿಸುತ್ತದೆ. ನೋಕಿಯಾ ಮಾತ್ರ ದೂರಸಂಪರ್ಕ ಜಾಲಗಳ ಉಪಕರಣ ತಯಾರಿಕೆಯಲ್ಲಿ ಇಂದಿಗೂ ಬದುಕಿದೆ.

ಗೆದ್ದವರ ವಿಷಯವೂ ವಿಚಾರಾರ್ಹ. ಉಚಿತವೆಂಬ ಆಂಡ್ರಾಯ್ಡಿಗೆ ಷರತ್ತುಗಳಿದ್ದವು: ಪ್ಲೇ ಸ್ಟೋರ್ ಬೇಕೆಂಬ ತಯಾರಕರು ಗೂಗಲ್‌ನ ಹುಡುಕಾಟ ಮುಂತಾದವನ್ನೂ ಅಳವಡಿಸಬೇಕಿತ್ತು. ಇದಕ್ಕಾಗಿ ಯೂರೋಪಿಯನ್ ಆಯೋಗ 2018ರಲ್ಲಿ 434 ಕೋಟಿ ಯೂರೋ ದಂಡ ವಿಧಿಸಿತು. 2022ರಲ್ಲಿ ನ್ಯಾಯಾಲಯ ಅದನ್ನು ತುಸು ತಗ್ಗಿಸಿತು. ಭಾರತದ ಸ್ಪರ್ಧಾ ಆಯೋಗವೂ 2022ರಲ್ಲಿ 1,337.76 ಕೋಟಿ ರೂಪಾಯಿ ದಂಡ ವಿಧಿಸಿತು. 2023ರಲ್ಲಿ ಮೇಲ್ಮನವಿ ನ್ಯಾಯಾಧಿಕರಣ ಆ ದಂಡವನ್ನು ಎತ್ತಿಹಿಡಿಯಿತು.

ಒಟ್ಟಿನಲ್ಲಿ, ವ್ಯಾಕರಣವೊಂದು ಬಾಳುವುದು ಸೂತ್ರಗಳ ಬಲದಿಂದಲ್ಲ, ಅದರಲ್ಲಿ ಬರೆಯುವವರ ಬಲದಿಂದ. ಇದನ್ನು ತಡವಾಗಿ ಅರಿತ ನೋಕಿಯಾ ಸೋತಿತು. ಆದರೆ ಜಗತ್ತಿನಲ್ಲಿ ಎರಡೇ ವ್ಯಾಕರಣಗಳು ಉಳಿದಾಗ ಬರೆಯುವವರೂ ಬಳಸುವವರೂ ಅವುಗಳ ಒಡೆಯರ ಮಾತಿಗೆ ಮಣಿಯಬೇಕಾಗುತ್ತದೆ. ಆದುದರಿಂದ ಶಾಲೆಗಳಲ್ಲಿ ಮಕ್ಕಳಿಗೆ ಯಂತ್ರವನ್ನು ಬಳಸುವುದನ್ನಷ್ಟೇ ಕಲಿಸಿದರೆ ಸಾಲದು. ಅದರೊಳಗಿನ ನಿಯಮವನ್ನು ಬರೆದವರು ಯಾರು, ಏಕೆ ಬರೆದರು ಎಂದು ಕೇಳುವುದನ್ನೂ ಕಲಿಸಬೇಕು. ಹಾಗೆ ಕೇಳಬಲ್ಲವರಿಂದಲೇ ಮುಂದೊಂದು ದಿನ ಮೂರನೆಯ ವ್ಯಾಕರಣ ಹುಟ್ಟೀತು.